ಬಸುರಿಗೆ ನೆಮ್ಮದಿಯ ನಿದ್ದೆ

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ತಂಗಿ ಎಂಟು ತಿಂಗಳ ಬಸುರಿ. ಒಂದು ಸಂಜೆ ಸ್ಲೇಟು ಹಿಡಿದಂತೆಯೇ ತೂಕಡಿಸಿದಳು. ಬಳಪ ಕೈಯಿಂದ ಜಾರಿ ಬಿತ್ತು.

"ಯಾಕಮ್ಮಾ, ರಾತ್ರಿ ನಿದ್ದೆ ಇಲ್ವಾ?" ಎಂದು ಕೇಳಿದೆವು.

"ಎಲ್ಲಿ ನಿದ್ದೆ ಟೀಚರ್! ಅಂಗಾತ ಮಲಗಿದ್ರೆ ಉಸಿರು ಕಟ್ತದೆ. ಮಗ್ಗುಲಾಗೋಕೆ ಭಯ. ಮಲಗಿದ ಹಾಗೇ ಹೊರಳಿದ್ರೆ ಹೊಕ್ಕುಳಬಳ್ಳಿ ಕೂಸಿನ ಕೊರಳಿಗೆ ಸುತ್ಕೊಳ್ತದಂತೆ. ಎದ್ದು ಕೂತು ತಿರುಗು ಅಂತಾರೆ ನಮ್ಮತ್ತೆ. ಎಷ್ಟು ಸಲ ಏಳಲಿ? ಅದಕ್ಕೇ ಅಂಗಾತವೇ ಬಿದ್ದಿರ್ತೀನಿ. ನಮ್ಮನೆಯವರು ಅಂಗಡಿಯಿಂದ ನಿದ್ದೆ ಮಾತ್ರೆ ತರ್ತೀನಿ ಅಂದವ್ರೆ."

"ಮಾತ್ರೆ ತರಬೇಡಿ ಅನ್ನು" ಎಂದೆವು. ಮಾರನೇ ದಿನ ನರ್ಸಮ್ಮನನ್ನು ಕೇಂದ್ರಕ್ಕೆ ಕರೆದೆವು. ತಂಗಿಯ ಅತ್ತೆಯೂ ಬಂದರು. ನರ್ಸಮ್ಮ ಹೇಳಿದ್ದನ್ನು ನಾವೆಲ್ಲರೂ ಕಲಿತೆವು. ನೀವೂ ಓದಿರಿ.

ಮಲಗುವುದು ಹೇಗೆ?

ಹೊರಳಿದರೆ ಬಳ್ಳಿ ಸುತ್ತಿಕೊಳ್ಳುವುದಿಲ್ಲ. ಮಗು ಹೊಟ್ಟೆಯೊಳಗೆ ತಾನೇ ಆಡುತ್ತದೆ, ತಿರುಗುತ್ತದೆ. ಆಗ ಬಳ್ಳಿ ಸುತ್ತಿಕೊಳ್ಳುವುದುಂಟು. ಅದು ತಾಯಿಯ ತಪ್ಪಲ್ಲ. ನಿಧಾನವಾಗಿ ಹೊರಳಿರಿ. ಭಯ ಬೇಡ.

ಏಳು ತಿಂಗಳು ತುಂಬುವ ಹೊತ್ತಿನಿಂದ ಅಂಗಾತ ಮಲಗಬಾರದು. ಬೆನ್ನುಮೂಳೆಯ ಪಕ್ಕದಲ್ಲಿ ದೊಡ್ಡ ರಕ್ತನಾಳಗಳಿವೆ. ಬಸುರಿನ ಭಾರ ಅವುಗಳನ್ನು ಒತ್ತುತ್ತದೆ. ಆಗ ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಆದ್ದರಿಂದ ಮಗ್ಗುಲಾಗಿ ಮಲಗಿರಿ. ಎಡವಾದರೂ ಸರಿ, ಬಲವಾದರೂ ಸರಿ. ಎಚ್ಚರವಾದಾಗ ಅಂಗಾತ ಇದ್ದರೆ ಗಾಬರಿಯಾಗಬೇಡಿ. ಮಗ್ಗುಲಾಗಿ ಮತ್ತೆ ಮಲಗಿರಿ.

ಹಳೆ ಸೀರೆಯನ್ನು ದಪ್ಪಗೆ ಮಡಿಸಿರಿ. ಒಂದನ್ನು ಮೊಣಕಾಲುಗಳ ನಡುವೆ ಇಡಿ. ಒಂದನ್ನು ಹೊಟ್ಟೆಯ ಕೆಳಗೆ, ಇನ್ನೊಂದನ್ನು ಬೆನ್ನ ಹಿಂದೆ ಇಡಿ. ಸೊಂಟಕ್ಕೆ ಆರಾಮ.

ನಿದ್ದೆ ಕೆಡಿಸುವುದು ಯಾವುದು?

ಎದೆಯುರಿ: ರಾತ್ರಿ ಊಟ ಬೇಗ ಮಾಡಿ, ಮಿತವಾಗಿ ಮಾಡಿ. ಉಂಡ ಎರಡು ಗಂಟೆಯ ಮೇಲೆ ಮಲಗಿ. ತಲೆಯ ಕಡೆ ಸ್ವಲ್ಪ ಎತ್ತರ ಇರಲಿ.

ಮತ್ತೆ ಮತ್ತೆ ಮೂತ್ರ: ಹಗಲು ಚೆನ್ನಾಗಿ ನೀರು ಕುಡಿಯಿರಿ. ಮಲಗುವ ಹೊತ್ತಿಗೆ ಮಾತ್ರ ಕಡಿಮೆ ಮಾಡಿ. ಉರಿಮೂತ್ರ ಇದ್ದರೆ ಆಸ್ಪತ್ರೆಗೆ ತೋರಿಸಿ.

ಮೀನಖಂಡ ಹಿಡಿದುಕೊಂಡರೆ: ಕಾಲು ನೀಡಿ, ಬೆರಳುಗಳನ್ನು ನಿಮ್ಮ ಕಡೆಗೆ ಬಗ್ಗಿಸಿ. ನೋವು ಬಿಡುತ್ತದೆ.

ಕಾಲು ಚಡಪಡಿಕೆ: ಮೈಯಲ್ಲಿ ಕಬ್ಬಿಣಾಂಶ ಕಡಿಮೆಯಾದರೆ ಹೀಗಾಗುವುದುಂಟು. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣಾಂಶದ ಮಾತ್ರೆ ತಪ್ಪಿಸಬೇಡಿ. ಅದನ್ನು ಕಾಫಿ, ಟೀ ಜೊತೆ ನುಂಗಬೇಡಿ. ಸಂಜೆಯ ಕಾಫಿ, ಟೀ ನಿದ್ದೆಯನ್ನೂ ಓಡಿಸುತ್ತವೆ.

ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ಬೇಡವೇ ಬೇಡ. ತಾಯಿ ನುಂಗಿದ್ದು ಮಗುವಿಗೂ ಹೋಗಬಹುದು. ಹೊಗೆಸೊಪ್ಪು, ಹೆಂಡವೂ ಬೇಡ.

ರಾತ್ರಿ 8 ಗಂಟೆ, ಹಗಲು 2 ಗಂಟೆ ಬಸುರಿಗೆ ವಿಶ್ರಾಂತಿ ಬೇಕು. ಇದು ಸೋಮಾರಿತನವಲ್ಲ. ನೀರು ಹೊರುವುದು, ಸೌದೆ ತರುವುದು ಮನೆಯವರೂ ಮಾಡಬಹುದಲ್ಲವೇ?

ಬೆಳಗಾಗುವವರೆಗೆ ಕಾಯಬೇಡಿ

ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು, ಫಿಟ್ಸ್, ರಕ್ತ ಹೋಗುವುದು, ನೀರು ಒಡೆಯುವುದು, ಜೋರು ಜ್ವರ, ಮಲಗಲಾರದಷ್ಟು ಏದುಸಿರು, ಮಗುವಿನ ಆಟ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುತ್ತದೆ. ದುಡ್ಡು ಕೊಡಬೇಕಿಲ್ಲ. ತಾಯಿ ಕಾರ್ಡು ಜೊತೆಗಿರಲಿ. ಅಂಗೈ, ಅಂಗಾಲು ರಾತ್ರಿ ವಿಪರೀತ ತುರಿಸಿದರೂ ತಡಮಾಡದೆ ತೋರಿಸಿ.

ಎಲ್ಲ ಕೇಳಿ ಅತ್ತೆ ಹೇಳಿದರು: "ನಮ್ಮವ್ವ ಹೇಳಿದ್ದನ್ನೇ ನಾನೂ ಹೇಳ್ದೆ ಕಣಮ್ಮ. ಪಾಪ, ಮಗ ಎಷ್ಟು ರಾತ್ರಿ ಹೆದರ್ಕೊಂಡು ಮಲಗಿತ್ತೋ!" ಆ ರಾತ್ರಿ ಅವರೇ ತಮ್ಮ ಹಳೆ ಸೀರೆ ಮಡಿಸಿ ಸೊಸೆಯ ಬೆನ್ನಿಗೆ ಒತ್ತುಕೊಟ್ಟರು.

ಎರಡು ದಿನದ ಮೇಲೆ ತಂಗಿ ಕೇಂದ್ರಕ್ಕೆ ಬಂದಳು. ತೂಕಡಿಸಲಿಲ್ಲ. ಸ್ಲೇಟಿನ ಮೇಲೆ ದುಂಡಗೆ ಬರೆದಳು: "ನಿದ್ದೆ ಬಂತು."

ಓದಿ, ಬರೆಯಿರಿ: ಮಗ್ಗುಲು, ರಕ್ತ, ನಿದ್ದೆ, ಮಾತ್ರೆ, ವಿಶ್ರಾಂತಿ.

ಮಾತಾಡೋಣ:
1. ಬಸುರಿ ಅಂಗಾತ ಏಕೆ ಮಲಗಬಾರದು?
2. ನಿಮ್ಮ ಮನೆಯಲ್ಲಿ ಬಸುರಿಯ ಯಾವ ಕೆಲಸವನ್ನು ಬೇರೆಯವರು ಮಾಡಬಹುದು?