ಕೆಟ್ಟುಹೋದ ಚಿತ್ರದಲ್ಲಿ ಭೂಮಿಯ ಭ್ರಮಣ

ಇರುಳಿನ ಆಕಾಶದ ಛಾಯಾಚಿತ್ರವನ್ನು ಮೊದಲ ಬಾರಿಗೆ ತೆಗೆಯಲೆಳಸುವವನಿಗೆ ಬಹುಮಟ್ಟಿಗೆ ದೊರೆಯುವುದು ನಿರಾಶೆಯೇ. ಆದರೆ ಆ ನಿರಾಶೆಯೊಳಗೂ ಒಂದು ಪಾಠ ಅಡಗಿರುವುದುಂಟು. ಅಂಥದೊಂದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಡಿಸೆಂಬರ್ ತಿಂಗಳ ಒಂದು ಅಮಾವಾಸ್ಯೆಯಂದು ನಾನೂ ನಾಲ್ವರು ವಿದ್ಯಾರ್ಥಿಗಳೂ ತುಂಗಭದ್ರೆಯ ಉತ್ತರ ದಡದ ಆನೆಗೊಂದಿಯ ಸಮೀಪ ಡೇರೆ ಹೂಡಿದ್ದೆವು. ನಮ್ಮಲ್ಲಿದ್ದ ಸಾಮಗ್ರಿ ಅತ್ಯಲ್ಪ: ೫೦ ಮಿಲಿಮೀಟರು ಸಂಗಮದೂರದ ಮಸೂರವುಳ್ಳ ಡಿಜಿಟಲ್ ಕ್ಯಾಮೆರಾ ಮತ್ತು ಒಂದು ಮುಕ್ಕಾಲಿ. ಮಸೂರದ ಮೇಲಣ ಅನಂತದ ಗುರುತನ್ನು ನಂಬದೆ, ಉಜ್ವಲವಾದ ಒಂದು ನಕ್ಷತ್ರವನ್ನು ಪರದೆಯಲ್ಲಿ ಹಿಗ್ಗಿಸಿ, ಅದು ಅತಿ ಸಣ್ಣ ಬಿಂದುವಾಗುವವರೆಗೆ ಮಸೂರವನ್ನು ಸರಿಹೊಂದಿಸಿದೆವು. ಬಳಿಕ, ಪೂರ್ವದ ಬಂಡೆಗಳ ಮೇಲೆ ಉದಯಿಸಿದ್ದ ಮಹಾವ್ಯಾಧನತ್ತ ಕ್ಯಾಮೆರಾವನ್ನು ತಿರುಗಿಸಿ ೬೦ ಸೆಕೆಂಡುಗಳ ಕಾಲ ತೆರೆದಿಟ್ಟೆವು.

ಚಿತ್ರದಲ್ಲಿ ನಕ್ಷತ್ರಗಳೆಲ್ಲ ಗೆರೆಗಳಾಗಿದ್ದವು! ‘ಮುಕ್ಕಾಲಿ ಅಲುಗಿರಬೇಕು, ಅಳಿಸಿಬಿಡೋಣ’ ಎಂದನು ಒಬ್ಬ ವಿದ್ಯಾರ್ಥಿ. ನಾನೂ ಗುಂಡಿಯತ್ತ ಬೆರಳು ಚಾಚಿದ್ದೆನು. ಅಷ್ಟರಲ್ಲಿ ಒಬ್ಬ ವಿದ್ಯಾರ್ಥಿನಿ, ‘ಮುಕ್ಕಾಲಿ ಅಲುಗಿದ್ದರೆ ಬಂಡೆಗಳ ಅಂಚೂ ಮಸುಕಾಗಬೇಡವೇ? ಅದು ಸ್ಪಷ್ಟವಾಗಿಯೇ ಇದೆಯಲ್ಲ’ ಎಂದಳು. ಆ ಪ್ರಶ್ನೆಯೇ ಚಿತ್ರವನ್ನು ಉಳಿಸಿತು.

ಮಹಾವ್ಯಾಧನ ಸೊಂಟಪಟ್ಟಿಯ ಮೂರು ನಕ್ಷತ್ರಗಳು ಖಗೋಲದ ವಿಷುವದ್ವೃತ್ತಕ್ಕೆ ಬಹು ಹತ್ತಿರದಲ್ಲಿವೆ. ತುದಿಯಿಂದ ತುದಿಗೆ ಅವುಗಳ ಅಂತರ ಸುಮಾರು ೨.೭ ಡಿಗ್ರಿ. ಚಿತ್ರವನ್ನು ಹಿಗ್ಗಿಸಿ ಅಳತೆಪಟ್ಟಿಯಿಂದ ಅಳೆದಾಗ, ಪ್ರತಿಯೊಂದು ಗೆರೆಯೂ ಈ ಅಂತರದ ಸುಮಾರು ಹನ್ನೊಂದನೆಯ ಒಂದು ಪಾಲಿನಷ್ಟಿತ್ತು. ಎಂದರೆ ಒಂದು ನಿಮಿಷದಲ್ಲಿ ನಕ್ಷತ್ರಗಳು ಸರಿದುದು ಸುಮಾರು ಕಾಲು ಡಿಗ್ರಿ. ಈ ವೇಗದಲ್ಲಿ ೩೬೦ ಡಿಗ್ರಿ ಸುತ್ತಲು ೧,೪೪೦ ನಿಮಿಷಗಳು, ಅಂದರೆ ೨೪ ಗಂಟೆಗಳು ಬೇಕು. ಕೆಟ್ಟುಹೋಯಿತೆಂದು ಅಳಿಸಲಿದ್ದ ಚಿತ್ರವೇ ದಿನದ ಉದ್ದವನ್ನು ಹೇಳಿಬಿಟ್ಟಿತು! ನಕ್ಷತ್ರಗಳನ್ನು ಕುರಿತ ಭ್ರಮಣಕಾಲವು ನಿಜಕ್ಕೂ ೨೩ ಗಂಟೆ ೫೬ ನಿಮಿಷ ೪ ಸೆಕೆಂಡು. ಆ ಅಲ್ಪ ವ್ಯತ್ಯಾಸವನ್ನು ಗುರುತಿಸುವ ಸೂಕ್ಷ್ಮತೆ ನಮ್ಮ ಅಳತೆಪಟ್ಟಿಗಿರಲಿಲ್ಲ.

ಹಾಗಾದರೆ ಬಿಂದುಗಳಂಥ ನಕ್ಷತ್ರಗಳನ್ನು ಪಡೆಯುವುದೆಂತು? ೫೦ ಮಿಲಿಮೀಟರು ಮಸೂರದಲ್ಲಿ ಇಂಥ ನಕ್ಷತ್ರದ ಬಿಂಬವು ಸೆಕೆಂಡಿಗೆ ಸುಮಾರು ೩.೬ ಮೈಕ್ರಾನುಗಳಷ್ಟು ಸರಿಯುತ್ತದೆ. ನಮ್ಮ ಕ್ಯಾಮೆರಾದ ಪಿಕ್ಸೆಲ್ ಒಂದರ ಅಗಲ ಸುಮಾರು ೬ ಮೈಕ್ರಾನು. ಸರಿತವು ೩ ಪಿಕ್ಸೆಲ್‌ಗಳನ್ನು ಮೀರಬಾರದೆಂದರೆ ೫ ಸೆಕೆಂಡುಗಳಿಗೇ ನಿಲ್ಲಿಸಬೇಕು. ಸಂಗಮದೂರವು ೨೪ ಮಿಲಿಮೀಟರು ಆದರೆ ಸುಮಾರು ೧೦ ಸೆಕೆಂಡುಗಳವರೆಗೆ ಅವಕಾಶವುಂಟು. ೧೮೫೦ರಲ್ಲಿ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಬಾಂಡ್ ಮತ್ತು ವಿಪಲ್ ಎಂಬವರು ಅಭಿಜಿತ್ ನಕ್ಷತ್ರದ ಚಿತ್ರವನ್ನು ಪಡೆದಾಗ ಸುಮಾರು ೧೦೦ ಸೆಕೆಂಡುಗಳು ಬೇಕಾಗಿದ್ದವು. ಆದುದರಿಂದಲೇ ದೂರದರ್ಶಕವು ನಕ್ಷತ್ರವನ್ನು ಹಿಂಬಾಲಿಸಬೇಕಾಗಿತ್ತು.

ಆಮೇಲೆ ಉತ್ತರಕ್ಕೆ ತಿರುಗಿದೆವು. ಆನೆಗೊಂದಿಯ ಅಕ್ಷಾಂಶ ಸುಮಾರು ೧೫ ಡಿಗ್ರಿಯಾದುದರಿಂದ ಧ್ರುವನಕ್ಷತ್ರವು ದಿಗಂತದಿಂದ ಅಷ್ಟೇ ಎತ್ತರದಲ್ಲಿತ್ತು. ಅದೇ ೬೦ ಸೆಕೆಂಡುಗಳಲ್ಲಿ ಅದು ಬಿಂದುವಾಗಿಯೇ ಉಳಿಯಿತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಈ ಚಿತ್ರದಿಂದ ತಿಳಿಯುವುದು ಸಾಪೇಕ್ಷ ಚಲನೆ ಮಾತ್ರ. ತಿರುಗುತ್ತಿರುವುದು ಆಕಾಶವೋ ಭೂಮಿಯೋ ಎಂಬುದನ್ನು ಅದೊಂದೇ ನಿರ್ಣಯಿಸಲಾರದು. ಅದಕ್ಕೆ ೧೮೫೧ರಲ್ಲಿ ಪ್ಯಾರಿಸಿನಲ್ಲಿ ಫೂಕೋ ತೂಗಬಿಟ್ಟ ಲೋಲಕದಂಥ ಪ್ರಯೋಗವೇ ಬೇಕು. ಪ್ರಮಾಣವು ಎಷ್ಟನ್ನು ಹೇಳುತ್ತದೆಯೋ ಅಷ್ಟನ್ನೇ ಒಪ್ಪುವುದು ವಿಜ್ಞಾನದ ಶಿಸ್ತು.

ನಡುವಿರುಳಿನ ಹೊತ್ತಿಗೆ ಮಸೂರದ ಮೇಲೆ ಇಬ್ಬನಿ ಕವಿದು ನಮ್ಮ ಕೆಲಸ ನಿಂತಿತು. ಚಂದ್ರನಿಲ್ಲದ ಇರುಳೊಂದರಲ್ಲಿ ವಿದ್ಯಾರ್ಥಿಗಳು ಈ ಪ್ರಯೋಗವನ್ನು ತಾವೇ ಮಾಡಿ ನೋಡಲಿ. ಕೆಟ್ಟ ಚಿತ್ರವನ್ನು ಅಳಿಸುವ ಮುನ್ನ ಅದನ್ನೊಮ್ಮೆ ಅಳೆದು ನೋಡಲಿ.