ಕಿಟಕಿ ಬೆಂಚು: ಗೋಡೆಗೆ ಒಂದಿಂಚು ಬಿಟ್ಟು ಕೂರಿಸಿ

ಕಿಟಕಿಯ ಕೆಳಗೊಂದು ಬೆಂಚು, ಮೇಲೆ ಕುಶನ್, ಒಳಗೆ ಕಂಬಳಿ, ಹಳೇ ಪುಸ್ತಕ ತುಂಬಲು ಜಾಗ. ಚಿಕ್ಕ ಮನೆಗೆ ಇಷ್ಟು ಉಪಯೋಗದ ಪೀಠೋಪಕರಣ ಇನ್ನೊಂದಿಲ್ಲ. ಬೆಂಗಳೂರಿನ ಇಂದಿರಾನಗರ, ಹಲಸೂರು, ಕೆ.ಆರ್. ಪುರದ ಫ್ಲ್ಯಾಟುಗಳಲ್ಲಿ ಬೇಕಾದಷ್ಟು ಮಂದಿ ಮಾಡಿಸಿಕೊಂಡಿದ್ದಾರೆ. ಅವುಗಳಲ್ಲಿ ಎಷ್ಟೋ ಬೆಂಚುಗಳು ಎರಡನೇ ಮಳೆಗಾಲಕ್ಕೇ ಮುಗ್ಗಲು ನಾತ ಹೊಡೆಯುತ್ತವೆ. ಎಲ್ಲರೂ ಬೈಯುವುದು ಪ್ಲೈವುಡ್ಡನ್ನು. ತಪ್ಪಿರುವುದು ಕೂರಿಸಿದ ರೀತಿಯಲ್ಲಿ.

1809ರಲ್ಲಿ ಬ್ರಿಟಿಷರ ದಂಡು ಬಂದಿಳಿದ ಮೇಲೆ ಈ ಭಾಗದಲ್ಲಿ ಎದ್ದ ಬಂಗಲೆಗಳಿಗೆ ಇಟ್ಟಿಗೆ-ಗಾರೆಯ ದಪ್ಪ ಗೋಡೆ. ಕಿಟಕಿಯ ಗೂಡಿನಲ್ಲೇ ಕೂರಬಹುದಿತ್ತು. ಹೊರಗೆ ಮರದ ಪಟ್ಟಿಯ 'ಮಂಕಿ ಟಾಪ್' ಎರಚಲನ್ನು ತಡೆಯುತ್ತಿತ್ತು. ನಮ್ಮ ಫ್ಲ್ಯಾಟುಗಳದ್ದು ಆರಿಂಚಿನ ಬ್ಲಾಕ್ ಗೋಡೆ, ನೆಪಕ್ಕೊಂದು ಸಜ್ಜ.

ಆದ್ದರಿಂದ ಆಚಾರಿಯನ್ನು ಕರೆಯುವ ಮುಂಚೆ ಕಿಟಕಿ ಮುಚ್ಚಿ, ಹೊರಗಿನಿಂದ ಎರಡು ಬಕೆಟ್ ನೀರು ರಾಚಿ ನೋಡಿ. ಮೇಲಿನ ಮಹಡಿಯಾದರೆ ಒಂದು ಗಾಳಿಮಳೆಗೆ ಕಾಯಿರಿ. ಏಪ್ರಿಲ್, ಮೇನಲ್ಲಿ ಅದಕ್ಕೇನೂ ಬರವಿಲ್ಲ. ಜಾರುಬಾಗಿಲ ಕಿಟಕಿಯಾದರೆ ಹಳಿಯ ಹೊರಮೈಯಲ್ಲಿ ನೀರು ಹೋಗಲು ಸಣ್ಣ ಸೀಳುಗಳಿರುತ್ತವೆ. ಹೊರವರ್ತುಲ ರಸ್ತೆಯ ದೂಳು ಸಾಕು, ಅವು ಕಟ್ಟಿಕೊಳ್ಳಲು. ಕಟ್ಟಿದರೆ ನೀರು ಒಳಕ್ಕೇ ಉಕ್ಕುತ್ತದೆ. ಕಡ್ಡಿ ಹಾಕಿ ಬಿಡಿಸಿ. ಆಮೇಲೂ ಒಳಗೋಡೆ ತೇವವಾದರೆ ಹೊರಗಿನ ಬಿರುಕು ಮುಚ್ಚಿಸುವವರೆಗೆ ಬೆಂಚಿನ ಮಾತೇ ಬೇಡ.

ಇನ್ನೊಂದು ಮಾತು. ಮೂರಡಿ ಎತ್ತರದ ಕಿಟಕಿಗೆ ಒಂದೂವರೆ ಅಡಿಯ ಬೆಂಚು ಬಂತೆಂದರೆ ಮಗುವಿಗೆ ಮೆಟ್ಟಿಲು ಸಿಕ್ಕಂತೆ. ಗ್ರಿಲ್ ಇಲ್ಲದ ಕಿಟಕಿಯಡಿ ಬೆಂಚು ಮಾಡಿಸಲೇಬೇಡಿ. ಸಂದು ನಾಲ್ಕಿಂಚಿಗಿಂತ ಕಡಿಮೆಯಿರಲಿ. ನೋಟ ಕೆಡುತ್ತದೆ ಎನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ.

ಐದಡಿ ಉದ್ದ, 20 ಇಂಚು ಅಗಲದ ಬೆಂಚಿಗೆ 8x4 ಅಡಿಯ ಒಂದೇ ಹಾಳೆ ಸಾಕು, 18 ಮಿ.ಮೀ. ದಪ್ಪದ್ದು. ಅಂಗಡಿಯವರು ಎಲ್ಲವನ್ನೂ 'ವಾಟರ್‌ಪ್ರೂಫ್' ಎನ್ನುತ್ತಾರೆ. ನೀವು ಹಾಳೆಯ ಮೇಲೆ ಐಎಸ್‌ಐ ಮುದ್ರೆ, ಐಎಸ್ 710 ಸಂಖ್ಯೆ ಎರಡನ್ನೂ ನೋಡಿಯೇ ದುಡ್ಡು ಕೊಡಿ. 'ಎಂಆರ್' ದರ್ಜೆಯದು ಈ ಜಾಗಕ್ಕೆ ಆಗದು. 14 ಇಂಚು ಎತ್ತರದ ನಾಲ್ಕು ಅಡ್ಡಹಲಗೆ ಕೊಯ್ಯಿಸಿ ಸಮ ಅಂತರದಲ್ಲಿ ನಿಲ್ಲಿಸಿ. ಮೇಲಿನ ಹಲಗೆ, ನಾಲ್ಕಿಂಚಿನ ಫೋಮ್ ಸೇರಿ, ಕೂತಾಗ ತಗ್ಗುವುದನ್ನು ಕಳೆದರೆ 18 ಇಂಚಿನ ಆಸುಪಾಸಿಗೆ ಬರುತ್ತದೆ. ಕುಶನ್ ಮರೆತು ಮರವನ್ನೇ 18 ಇಂಚಿಗೆ ನಿಲ್ಲಿಸಿದ ಬೆಂಚಿನಲ್ಲಿ ಕೂತರೆ ಅಜ್ಜಿಯ ಕಾಲು ನೆಲಕ್ಕೆ ತಾಕುವುದಿಲ್ಲ.

ಈಗ ಆ ಒಂದಿಂಚಿನ ವಿಷಯ. ಆಚಾರಿಗಳಿಗೆ ಕೆಲಸ ನೀಟಾಗಿ ಕಾಣಬೇಕು. ಬೆಂಚನ್ನು ಗೋಡೆಗೆ ಒತ್ತಿ ಕೂರಿಸಿ, ಸಂದಿಗೆ ಸಿಲಿಕಾನ್ ತುಂಬಿ ಕೈತೊಳೆದುಕೊಳ್ಳುತ್ತಾರೆ. ಕಿಟಕಿಯಡಿಯ ಗೋಡೆ ಮಳೆಯಲ್ಲಿ ಸ್ವಲ್ಪವಾದರೂ ತೇವ ಹೀರುತ್ತದೆ. ಗಾಳಿಯಾಡಿದರೆ ತಾನಾಗಿ ಆರುತ್ತದೆ. ಮರ ಅಂಟಿಕೊಂಡಿದ್ದರೆ ಆ ತೇವ ಹಲಗೆಗೇ ಇಳಿಯುತ್ತದೆ: ಮೊದಲು ಪೇಂಟಿನಲ್ಲಿ ಗುಳ್ಳೆ, ಆಮೇಲೆ ಕಪ್ಪು ಬೂಷ್ಟು, ಕೊನೆಗೆ ಅಂಚಿನಲ್ಲಿ ಪದರ ಬಿಚ್ಚಿ ಗೆದ್ದಲಿಗೆ ಆಹ್ವಾನ. ಬೆಂಗಳೂರಿನಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರಿನಲ್ಲಿ. ಅಕ್ಟೋಬರಿನಲ್ಲೂ ಬಿಡುವುದಿಲ್ಲ, ಆರಲು ಬಿಸಿಲೆಲ್ಲಿ? ಸಿಲಿಕಾನ್ ನೀರನ್ನು ತಡೆಯುವುದಕ್ಕಿಂತ ಒಳಗೆ ಕೂಡಿಹಾಕುವುದೇ ಹೆಚ್ಚು.

ಗೋಡೆಗೆ ಒಂದಿಂಚು ದಪ್ಪದ ರೀಪರ್ ಹೊಡೆಸಿ, ಅಡ್ಡಹಲಗೆಗಳನ್ನು ಅದಕ್ಕೆ ಸ್ಕ್ರೂ ಮಾಡಿಸಿ. ರೀಪರ್ ಲಂಬವಾಗಿರಲಿ, ಅಡ್ಡಕ್ಕೆ ಹೊಡೆದರೆ ಇಳಿದ ನೀರು ಅದರ ಮೇಲೇ ನಿಲ್ಲುತ್ತದೆ. ಹೊಡೆಯುವ ಮುಂಚೆ ನಾಲ್ಕೂ ಮೈಗೆ ಪ್ರೈಮರ್ ಬಳಿಸಿ, ಗೋಡೆಯೊಳಗೆ ವೈರು ಎಲ್ಲಿ ಹೋಗಿದೆಯೆಂದು ನೋಡಿಕೊಳ್ಳಿ. ಟೊಳ್ಳು ಬ್ಲಾಕಿನಲ್ಲಿ ಪ್ಲಗ್ ಗಟ್ಟಿ ಹಿಡಿಯುವುದಿಲ್ಲ. ಭಾರವೆಲ್ಲ ನೆಲಕ್ಕೇ ಇಳಿಯಲಿ, ಗೋಡೆಯ ಸ್ಕ್ರೂ ಅಲುಗಾಡದಂತೆ ಹಿಡಿದರೆ ಸಾಕು. ಮುಂದಿನ ಹಲಗೆಯ ಕೆಳಗೆ ಮೂರಿಂಚು ತೆರೆದು ಬಿಡಿ. ಒಳಪೆಟ್ಟಿಗೆಗೆ ತಳ, ಬೆನ್ನು ಹಾಕಿಸುವುದಾದರೆ ಅವುಗಳಲ್ಲಿ ತೂತು ಕೊರೆಸಿ. ಗಾಳಿ ಕೆಳಗೆ ಹೊಕ್ಕು ಹಿಂದಿನ ಸಂದಿನಿಂದ ಮೇಲೇಳಬೇಕು. ಆ ಸಂದಿಗೆ ಪೆನ್ಸಿಲ್ಲು, ಚಿಲ್ಲರೆ ಬೀಳುವುದು ನಿಜ. ತೂತುಗಳಿರುವ ಪಟ್ಟಿಯೊಂದನ್ನು ಮೇಲಿಡಿ, ಮುಚ್ಚಿಸಬೇಡಿ. ಅಡ್ಡಹಲಗೆಗಳ ಬುಡಕ್ಕೆ ಕಡಪ ಕಲ್ಲಿನ ತುಂಡು ಕೊಟ್ಟರೆ ನೆಲ ಒರೆಸುವ ನೀರು ಮರಕ್ಕೆ ಹತ್ತದು.

ಉಳಿದದ್ದು ಚುಟುಕಾಗಿ. ಮೇಲಿನ ಹಲಗೆಯ ಹಿಂದಿನ ಆರಿಂಚು ಖಾಯಂ ಇರಲಿ, ಮುಂದಿನ 14 ಇಂಚು ಮಾತ್ರ ಮುಚ್ಚಳ, ಅದೂ ಎರಡು ತುಂಡಾಗಿ. ಮೆಲ್ಲಗೆ ಇಳಿಯುವ ಕೀಲು ಹಾಕಿಸಿ, ಮಕ್ಕಳ ಬೆರಳು ಉಳಿಯುತ್ತದೆ. ರಸಮಟ್ಟ ಇಟ್ಟು ನೋಡದೆ ಕೊನೆಯ ಸ್ಕ್ರೂ ತಿರುಗಿಸಲು ಬಿಡಬೇಡಿ. ಕುಶನ್ ಬಟ್ಟೆಗೆ ಕಮರ್ಷಿಯಲ್ ಸ್ಟ್ರೀಟಿಗೆ ಹೋಗುವುದು ಬೆಂಚು ಮುಗಿದ ಮೇಲೆ, ಬೆಂಚಿನದೇ ಅಳತೆ ಹಿಡಿದು. ಪೂರ್ವದ ಕಿಟಕಿಯಾದರೆ ಗಾಢ ಬಣ್ಣ ಬೇಡ, ಬೆಳಗಿನ ಬಿಸಿಲಿಗೆ ಬೇಗ ಮಾಸುತ್ತದೆ.