ನೀರು ಏರುವ ತನಕ

ಜನವರಿಯ ಒಂದು ಬೆಳಗ್ಗೆ ಕುಂದಾಪುರದ ಕೋಡಿಯಲ್ಲಿ ಮರಳಿನ ಬಣ್ಣದ ನಲವತ್ತು ಪುಟ್ಟ ಹಕ್ಕಿಗಳನ್ನು ಮೂರು ಸಲ ಎಬ್ಬಿಸಿ ಹಾರಿಸಿದೆ. ಸ್ಯಾಂಡ್ ಪ್ಲೋವರ್‌ಗಳು. ನಾನು ಹತ್ತು ಹೆಜ್ಜೆ ಇಟ್ಟರೆ ಅವು ಇಪ್ಪತ್ತು ಹೆಜ್ಜೆ ಓಡಿ ನಿಲ್ಲುತ್ತಿದ್ದವು. ಇನ್ನೂ ಹತ್ತಿರ ಹೋದರೆ ಇಡೀ ಗುಂಪು ಎದ್ದು ಅಳಿವೆಯಾಚೆ ಹೋಗಿಬಿಡುತ್ತಿತ್ತು. ಕ್ಯಾಮೆರಾ ಕಾರ್ಡಿನ ತುಂಬ ಬೆನ್ನುಗಳೇ.

ರಾತ್ರಿ ಚಿತ್ರಗಳನ್ನು ನೋಡುವಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಹಿಮಾಲಯದಾಚೆಯ ಎತ್ತರದ ಬಯಲುಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ನಮ್ಮ ಕರಾವಳಿಗೆ ಇಳಿಯುವ ಹಕ್ಕಿಗಳಿವು. ಬೇಸಿಗೆ ಹತ್ತಿರವಾದಂತೆ ಅಷ್ಟೇ ದಾರಿ ವಾಪಸು ಹಾರಬೇಕು; ಅದಕ್ಕೆ ಬೇಕಾದ ಕೊಬ್ಬನ್ನು ಇಲ್ಲಿನ ಹುಳು, ಏಡಿಗಳಿಂದಲೇ ಮಾಡಿಕೊಳ್ಳಬೇಕು. ನನ್ನ ಒಂದು ಫೋಟೋಗಾಗಿ ಅವು ಮೂರು ಸಲ ಆ ಕೊಬ್ಬನ್ನು ಉರಿಸಿದ್ದವು.

ಮಂಗಳೂರಿನಿಂದ ಕಾರವಾರಕ್ಕೆ ಹೆದ್ದಾರಿ 66ರಲ್ಲಿ ಐದು ದಿನ ನಿಧಾನವಾಗಿ ಹೋಗುವುದೆಂದು ಹೊರಟಿದ್ದೆ. ಸಣ್ಣ ಪಾಠಗಳು ಮೊದಲ ದಿನದಿಂದಲೇ ಶುರುವಾದವು. ಎ.ಸಿ. ಕೋಣೆಯಿಂದ ಕ್ಯಾಮೆರಾ ಎತ್ತಿಕೊಂಡು ನೇರ ಮಲ್ಪೆ ಬಂದರಿಗೆ ಹೋದವನಿಗೆ ಲೆನ್ಸ್ ಮೇಲೆ ಮಂಜು ಕಟ್ಟಿ, ತಲೆಯ ಮೇಲೆಯೇ ಸುತ್ತುತ್ತಿದ್ದ ಗರುಡಗಳು ಕೈತಪ್ಪಿದವು. ಈಗ ರಾತ್ರಿಯೇ ಚೀಲವನ್ನು ಎ.ಸಿ. ತಾಗದ ಕಡೆ ಇಡುತ್ತೇನೆ. ನಮ್ಮ ಕಡಲು ಪಶ್ಚಿಮಕ್ಕಿದೆ ಎನ್ನುವುದು ಎಲ್ಲರಿಗೂ ಗೊತ್ತು, ಆದರೆ ಅದರ ಅರ್ಥ ನನಗೆ ಹೊಳೆದದ್ದು ಅಲ್ಲೇ: ಬೆಳಗ್ಗೆ ತೆಂಗಿನ ಸಾಲಿನ ಮೇಲಿಂದ ಬರುವ ಬೆಳಕು ದಡದ ಹಕ್ಕಿಯ ಮೈಗೇ ಬೀಳುತ್ತದೆ, ಸಂಜೆ ಅದೇ ಹಕ್ಕಿ ಬರೀ ಕಪ್ಪು ನೆರಳು. ಬಿಸಿಲು ಏರಿದ ಮೇಲೆ ಮರಳಿನಿಂದ ಏಳುವ ಝಳಕ್ಕೆ ದೂರದ ಹಕ್ಕಿಯ ಗರಿ ಗರಿಯಾಗಿ ಉಳಿಯುವುದಿಲ್ಲ. ಎಷ್ಟು ದುಡ್ಡಿನ ಲೆನ್ಸ್ ಇದ್ದರೂ ಅಷ್ಟೇ.

ಮೂರನೆಯ ದಿನ ಕುಮಟಾ ಸಮೀಪ ಅಘನಾಶಿನಿಯ ಅಳಿವೆ. ಶಿರಸಿ ಕಡೆಯ ಘಟ್ಟದಲ್ಲಿ ಹುಟ್ಟಿ, ಒಂದು ಅಣೆಕಟ್ಟಿಗೂ ಸಿಗದೆ ಕಡಲು ಸೇರುವ ಹೊಳೆ ಇದು. ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಹೊಳೆಯ ಸಿಹಿ ಮತ್ತು ಕಡಲಿನ ಉಪ್ಪು ಬೆರೆಯುವ ಇಲ್ಲಿನ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಹೊಳೆಯ ಕೆಸರಲ್ಲಿ ಸೊಂಟದವರೆಗೆ ಇಳಿದು ಬಳಚು ಚಿಪ್ಪು ಆರಿಸುತ್ತಾರೆ. ಹಕ್ಕಿಗೂ ಮನುಷ್ಯರಿಗೂ ಊಟ ಒಂದೇ ಕೆಸರಿನಿಂದ.

ನಾನು ಹೋದಾಗ ನೀರು ಪೂರ್ತಿ ಇಳಿದಿತ್ತು. ಹಕ್ಕಿಗಳು ಸಾಸಿವೆ ಚೆಲ್ಲಿದಂತೆ ದೂರದ ಕೆಸರಲ್ಲಿ ಹರಡಿದ್ದವು. ಪ್ಯಾಂಟು ಮಡಚಿ ಇಳಿಯಲು ಹೊರಟೆ. ಬುಟ್ಟಿ ಹೊತ್ತು ಮೇಲೆ ಬರುತ್ತಿದ್ದ ಹಿರಿಯ ಹೆಂಗಸೊಬ್ಬರು ನನ್ನನ್ನೂ ಕ್ಯಾಮೆರಾವನ್ನೂ ನೋಡಿ ನಿಂತರು.

“ಅವಕ್ಕೆ ಬೆನ್ನು ಹತ್ತಬೇಡ ತಮಾ. ನೀರು ಏರೂಕೆ ಹತ್ತಿದ್ರೆ ಅವೇ ಈ ಬದಿಗೆ ಬತ್ತವೆ. ಕೂತ್ಕೋ.”

ಕೂತೆ. ಕಟ್ಟೆಯ ಮೇಲೆ, ಒಂದು ಪೊದೆಯ ಮರೆಯಲ್ಲಿ, ಅಕ್ಕಿ ತುಂಬಿದ ಚೀಲದ ಮೇಲೆ ಲೆನ್ಸ್ ಇಟ್ಟು. ಎರಡು ತಾಸು ಏನೂ ಆಗಲಿಲ್ಲ. ಆಮೇಲೆ ಕಾಲುವೆಗಳಲ್ಲಿ ನೀರು ಸದ್ದಿಲ್ಲದೆ ಹಿಂದಕ್ಕೆ ಹರಿಯತೊಡಗಿತು. ದೂರದ ಕೆಸರು ಮುಳುಗಿದಷ್ಟೂ ಹಕ್ಕಿಗಳು ಹೆಜ್ಜೆ ಹೆಜ್ಜೆಯಾಗಿ ನನ್ನ ಕಡೆ ಸರಿದವು. ಮೊದಲು ಬೆಳ್ಳಕ್ಕಿಗಳು, ಕೊನೆಗೆ ಕೋಡಿಯಲ್ಲಿ ನಾನು ಓಡಿಸಿದ್ದ ಜಾತಿಯವೇ, ಅದೇ ಪ್ಲೋವರ್‌ಗಳು. ನನಗಿಂತ ಹದಿನೈದು ಮಾರು ದೂರದಲ್ಲಿ ಒಂದು ನಿಂತು ಹುಳವೊಂದನ್ನು ಎಳೆಯಿತು. ಹುಳ ರಬ್ಬರಿನಂತೆ ಹಿಗ್ಗಿ, ತುಂಡಾಗದೆ, ಫಕ್ಕನೆ ಹೊರಬಂದಾಗ ಹಕ್ಕಿ ಹಿಂದಕ್ಕೆ ಎರಡು ಹೆಜ್ಜೆ ಜಾರಿತು. ಅಟ್ಟಿಸಿಕೊಂಡು ಹೋದವನಿಗೆ ಈ ಜಾರುವಿಕೆ ಯಾವತ್ತೂ ಕಾಣಸಿಗದು.

ಬೆಳ್ಳಕ್ಕಿಯ ಚಿತ್ರಗಳಲ್ಲಿ ಅರ್ಧ ಕೆಟ್ಟವು. ಕಪ್ಪು ಕೆಸರಿನ ಎದುರು ಬಿಳಿ ಹಕ್ಕಿ ನಿಂತರೆ ಕ್ಯಾಮೆರಾ ಕೆಸರನ್ನೇ ನೋಡಿ ಬೆಳಕು ಹೆಚ್ಚಿಸುತ್ತದೆ, ಗರಿಯೆಲ್ಲ ಸುಣ್ಣ ಬಳಿದಂತೆ. ಒಂದು ಸ್ಟಾಪ್ ಇಳಿಸಿದ ಮೇಲೆ ಸರಿಹೋಯಿತು.

ನೀರು ತುಂಬಿದಾಗ ಹಕ್ಕಿಗಳು ಗಜನಿಯ ದಂಡೆಯ ಮೇಲೆ ಒತ್ತೊತ್ತಾಗಿ, ಒಂಟಿಕಾಲಲ್ಲಿ, ಕೊಕ್ಕನ್ನು ಬೆನ್ನಲ್ಲಿ ಹುದುಗಿಸಿ ಮಲಗಿದವು. ಇನ್ನು ಕೆಸರು ಕಾಣುವವರೆಗೆ ಅವಕ್ಕೆ ಊಟವಿಲ್ಲ, ಇದೇ ವಿಶ್ರಾಂತಿಯ ಹೊತ್ತು. ಎದ್ದರೆ ಅವೂ ಏಳುತ್ತವೆ ಎಂದು ನಾನು ಕಾಲು ಜೋಮು ಹಿಡಿದರೂ ಕೂತೇ ಇದ್ದೆ. ನೀರು ಇಳಿದು ಅವು ತಾವಾಗಿ ಚದುರಿದ ಮೇಲೆ ಎದ್ದು ಬಂದೆ.

ಮರುದಿನ ಬೆಳಗ್ಗೆ ಕಾರವಾರಕ್ಕೆ ಹೊರಡಬೇಕಿತ್ತು. ಉಬ್ಬರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಲೆಕ್ಕ ಹಾಕಿ ಪುಸ್ತಕದಲ್ಲಿ ಹೊತ್ತು ಗುರುತು ಮಾಡಿಕೊಂಡೆ. ಕಾರವಾರವನ್ನು ಒಂದು ದಿನ ಮುಂದಕ್ಕೆ ಹಾಕಿದೆ.